ಒಂದು ಮೇಜು, ಎರಡು ಕಂಪ್ಯೂಟರ್: ಯಾವ ಕೆವಿಎಂ ಸ್ವಿಚ್ ತೆಗೆದುಕೊಳ್ಳಲಿ?

ನೀರ್ಚಾಲು ನೆಟ್ · ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೈಯಬೇಡಿ.

ನಾನು ಬೆಂಗಳೂರಿನ ಒಂದು ಕಂಪನಿಗೆ ಊರಿನಿಂದಲೇ ಕೆಲಸ ಮಾಡುವವನು. ಕಂಪನಿ ಕೊಟ್ಟ ವಿಂಡೋಸ್ ಲ್ಯಾಪ್‌ಟಾಪ್ ಒಂದು. ನನ್ನ ಸ್ವಂತ ಡೆಸ್ಕ್‌ಟಾಪ್ ಒಂದು, ಅದರಲ್ಲಿ ಲಿನಕ್ಸ್. ಸಂಜೆ ಮೇಲೆ ತಾಳಮದ್ದಳೆ ರೆಕಾರ್ಡಿಂಗ್ ಎಡಿಟ್ ಮಾಡುವುದು, ಊರ ಭಜನಾ ಮಂದಿರದ ಆಮಂತ್ರಣ ಪತ್ರಿಕೆ ಮಾಡುವುದು ಎಲ್ಲ ಅದರಲ್ಲೇ. ಮೇಜು ಮಾತ್ರ ಒಂದೇ. ಅಜ್ಜನ ಕಾಲದ ಹಲಸಿನ ಮರದ್ದು, ಮೂರೂವರೆ ಅಡಿ. ಎರಡು ಕೀಬೋರ್ಡ್, ಎರಡು ಮೌಸ್ ಇಟ್ಟರೆ ಚಹಾದ ಲೋಟಕ್ಕೆ ಜಾಗ ಇಲ್ಲ. ಮೊನ್ನೆ ಲ್ಯಾಪ್‌ಟಾಪಿನ ಕೀಬೋರ್ಡ್ ಅಂದುಕೊಂಡು ಡೆಸ್ಕ್‌ಟಾಪಿನದ್ದರಲ್ಲಿ ಪಾಸ್‌ವರ್ಡ್ ಹೊಡೆದೆ. ಅದು ಹೋಗಿ ಆಮಂತ್ರಣದಲ್ಲಿ ಮುಖ್ಯ ಅತಿಥಿಯ ಹೆಸರಿನ ಪಕ್ಕ ಕೂತಿತು. ಪ್ರಿಂಟಿಗೆ ಹೋಗುವ ಮೊದಲು ಕಂಡದ್ದು ಪುಣ್ಯ.

ಹಾಗಾಗಿ ಆನ್‌ಲೈನ್‌ನಲ್ಲಿ ಒಂದು ಕೆವಿಎಂ ಡಬ್ಬ ತರಿಸಿದೆ. ಒಂದೇ ಕೀಬೋರ್ಡ್, ಮೌಸ್, ಮಾನಿಟರನ್ನು ಬಟನ್ ಒತ್ತಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಿರುಗಿಸುವ ಸ್ವಿಚ್ ಅದು. ಚಿತ್ರದ ಕೇಬಲಿಗೆ ಎರಡು ಎಚ್‌ಡಿಎಂಐ ಒಳಗೆ, ಒಂದು ಹೊರಗೆ, ನಾಲ್ಕು ಯುಎಸ್‌ಬಿ. ಮೇಲೆ ದೊಡ್ಡದಾಗಿ "4ಕೆ" ಅಂತ ಬರೆದಿದೆ. ಬಟನ್ ಒತ್ತಿದರೆ ಕೆಲಸ ಆಗುತ್ತದೆ, ಆಗುವುದಿಲ್ಲ ಅಂತ ಹೇಳುವ ಹಾಗಿಲ್ಲ. ಆದರೆ ಮೂರು ತೊಂದರೆ.

ಒಂದು, ಮೌಸ್ ಪಾಯಿಂಟರ್ ಕೆಸರು ಗದ್ದೆಯಲ್ಲಿ ನಡೆದ ಹಾಗೆ ಎಳೆಯುತ್ತದೆ. ಎರಡು, ಪ್ರತಿ ಸಲ ಬದಲಾಯಿಸಿ ವಾಪಸ್ ಬಂದಾಗ ವಿಂಡೋಗಳೆಲ್ಲ ಚಿಕ್ಕದಾಗಿ ಒಂದು ಮೂಲೆಗೆ ಹೋಗಿ ಗುಪ್ಪೆ ಬಿದ್ದಿರುತ್ತವೆ. ಮೂರನೆಯದು ಮರ್ಯಾದೆ ತೆಗೆದದ್ದು. ಮೀಟಿಂಗ್ ನಡುವೆ ಡೆಸ್ಕ್‌ಟಾಪಿನಿಂದ ಒಂದು ಫೈಲ್ ನೋಡೋಣ ಅಂತ ಬಟನ್ ಒತ್ತಿದೆ. ವೆಬ್‌ಕ್ಯಾಮ್, ಹೆಡ್‌ಸೆಟ್ ಎಲ್ಲ ಅದೇ ಡಬ್ಬಕ್ಕೆ ಹಾಕಿದ್ದೆ. ಅವೂ ಜೊತೆಗೆ ಹೋದವು. ಮ್ಯಾನೇಜರು ಪ್ರಶ್ನೆ ಕೇಳುವ ಹೊತ್ತಿಗೆ ನಾನು ಮಾಯ.

ಮಾನಿಟರ್ 27 ಇಂಚು, 4ಕೆ, 60 ಹರ್ಟ್ಜ್. ಅದರಲ್ಲಿ ಎರಡು ಎಚ್‌ಡಿಎಂಐ, ಒಂದು ಡಿಸ್‌ಪ್ಲೇಪೋರ್ಟ್ (ಅದೂ ಚಿತ್ರದ ಕೇಬಲಿನದ್ದೇ) ಇದೆ. ಒಳ್ಳೆಯ ಕೆವಿಎಂ ಯಾವುದು ಅಂತ ಹೇಳಿ. ಹತ್ತು ಸಾವಿರದವರೆಗೆ ಹಾಕಬಹುದು. ಅದಕ್ಕಿಂತ ಮೇಲೆ ಹೋದರೆ ಮನೆಯಲ್ಲಿ ಲೆಕ್ಕ ಕೊಡಬೇಕು.

ಉಪ್ಪಳ ಎಕ್ಸ್‌ಪ್ರೆಸ್

ಕೆವಿಎಂ ಅಂದರೆ ಲಿನಕ್ಸಿನ ವರ್ಚುವಲ್ ಮೆಷೀನ್ ಅಲ್ವಾ? ಅದಕ್ಕೆ ಯಾಕೆ ಡಬ್ಬ?

ಕುಂಬಳೆ ಕೇಬಲ್

ಎಕ್ಸ್‌ಪ್ರೆಸ್ಸಣ್ಣ, ಅದು ಬೇರೆ ಕೆವಿಎಂ. 2007ರಲ್ಲಿ ಲಿನಕ್ಸ್ ಕರ್ನಲ್ ಒಳಗೆ ಬಂದದ್ದು. ಇದು ಕೀಬೋರ್ಡ್, ವಿಡಿಯೊ, ಮೌಸ್. ಹೆಸರು ಒಂದೇ, ಮನೆತನ ಬೇರೆ.

ನೀರ್ಚಾಲಿನವರೇ, ಹೊಸ ಡಬ್ಬ ಯಾವುದು ಅಂತ ಆಮೇಲೆ ನೋಡುವ. ಮೊದಲು ಒಂದು ಕೆಲಸ ಮಾಡಿ. ಡಬ್ಬವನ್ನು ಪೂರ್ತಿ ಬದಿಗಿಡಿ. ಡೆಸ್ಕ್‌ಟಾಪಿನಿಂದ ನೇರ ಮಾನಿಟರ್‌ಗೆ ಕೇಬಲ್ ಹಾಕಿ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗುತ್ತದೆ ಅನ್ನುವುದು, ಎಷ್ಟು ಹರ್ಟ್ಜ್ ತೋರಿಸುತ್ತದೆ ನೋಡಿ. ಆಮೇಲೆ ಲ್ಯಾಪ್‌ಟಾಪಿನಿಂದ ಹಾಗೆಯೇ. ಆಮೇಲೆ ಡಬ್ಬದ ಮೂಲಕ. ಮೂರೂ ಬರೆದು ಹಾಕಿ. ನನ್ನ ಹತ್ತಿರ ರಿಪೇರಿಗೆ ಬರುವವರಲ್ಲಿ ಅರ್ಧ ಜನ ಇದನ್ನು ಮಾಡದೆ ಎರಡನೇ ಡಬ್ಬ ತೆಗೆದುಕೊಂಡಿರುತ್ತಾರೆ.

ಮಂಜೇಶ್ವರ ಟೀಚರ್

ನನಗೆ ಇಷ್ಟೆಲ್ಲ ಗೊತ್ತಿಲ್ಲ. ಆದರೆ ನಾನು ಲಾಜಿಟೆಕ್‌ನ ಕೆ380 ಕೀಬೋರ್ಡ್ ಬಳಸುತ್ತಿದ್ದೇನೆ, ಬ್ಲೂಟೂತ್‌ನದ್ದು. ಮೇಲಿನ ಸಾಲಿನಲ್ಲಿ ಮೂರು ಕೀ ಇದೆ. ಒಂದು ಒತ್ತಿದರೆ ಲ್ಯಾಪ್‌ಟಾಪ್, ಇನ್ನೊಂದು ಒತ್ತಿದರೆ ಟ್ಯಾಬ್, ಮತ್ತೊಂದಕ್ಕೆ ಫೋನ್. ಅದೇ ಥರ ಮೌಸ್ ಕೂಡ ಸಿಗುತ್ತದೆ. ಡಬ್ಬವೂ ಬೇಡ, ವಯರೂ ಬೇಡ. ಅದು ಸಾಕಾಗುವುದಿಲ್ವಾ?

ನೀರ್ಚಾಲು ನೆಟ್

ಟೀಚರೇ, ಕೀಬೋರ್ಡ್ ಒಂದು, ಮೌಸ್ ಒಂದು ಅಂತ ಎರಡೆರಡು ಸಲ ಒತ್ತಬೇಕಲ್ಲ? ಒಂದು ಆ ಕಡೆ ಇನ್ನೊಂದು ಈ ಕಡೆ ಉಳಿದರೆ ನನ್ನ ತಲೆ ಕೆಡುತ್ತದೆ. ಮತ್ತೆ ಡೆಸ್ಕ್‌ಟಾಪಿಗೆ ಬ್ಲೂಟೂತ್ ಇಲ್ಲ. ಆದರೂ ಥ್ಯಾಂಕ್ಸ್.

ಕುಂಬಳೆಯವರೇ, ಪರೀಕ್ಷೆ ಮಾಡಿದೆ. ಡೆಸ್ಕ್‌ಟಾಪ್ ನೇರವಾಗಿ: 60. ಡಬ್ಬದ ಮೂಲಕ: 30. ಲ್ಯಾಪ್‌ಟಾಪ್ ಎಚ್‌ಡಿಎಂಐ ನೇರವಾಗಿ: ಅದೂ 30! ಇದು ಎಂತ ಕತೆ?

ಕುಂಬಳೆ ಕೇಬಲ್

ನನಗೆ ಸಂಶಯ ಇತ್ತು. ಇಬ್ಬರೂ ಕಳ್ಳರೇ.

ಲೆಕ್ಕ ಸುಲಭ. 4ಕೆ ಅಂದರೆ 3840 ಸಲ 2160, ಹತ್ತಿರ ಹತ್ತಿರ 83 ಲಕ್ಷ ಚುಕ್ಕಿ. ಒಂದೊಂದಕ್ಕೆ 24 ಬಿಟ್ ಬಣ್ಣ. ಸೆಕೆಂಡಿಗೆ 60 ಸಲ ಕಳಿಸಬೇಕು. ಗುಣಿಸಿದರೆ ಸೆಕೆಂಡಿಗೆ ಸುಮಾರು 1,200 ಕೋಟಿ ಬಿಟ್, ಅಂದರೆ 12 ಗಿಗಾಬಿಟ್. ಇದು ಬರೀ ಚಿತ್ರದ್ದು, ಮೇಲುಖರ್ಚು ಬೇರೆ. ಎಚ್‌ಡಿಎಂಐ 1.4ರ ಒಟ್ಟು ಸಾಮರ್ಥ್ಯವೇ 10.2 ಗಿಗಾಬಿಟ್. ಹಿಡಿಸುವುದಿಲ್ಲ. ಅದಕ್ಕೆ 30ಕ್ಕೆ ಇಳಿಸುತ್ತದೆ, ನಿಮ್ಮ ಮೌಸ್ ಎಳೆಯುವುದು ಇದಕ್ಕೇ. 2013ರಲ್ಲಿ ಎಚ್‌ಡಿಎಂಐ 2.0 ಬಂತು, 18 ಗಿಗಾಬಿಟ್. ಅದರಲ್ಲಿ 4ಕೆ 60 ಸಲೀಸಾಗಿ ಹೋಗುತ್ತದೆ.

ನಿಮ್ಮ ಡಬ್ಬ 1.4ರದ್ದು. "4ಕೆ" ಅಂತ ಬರೆದದ್ದು ಸುಳ್ಳಲ್ಲ, 30 ಹರ್ಟ್ಜ್‌ನಲ್ಲಿ 4ಕೆ ಹೌದು. ಡಬ್ಬದ ಅಡಿಭಾಗದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿರುತ್ತಾರೆ, ನೋಡಿ. ಲ್ಯಾಪ್‌ಟಾಪಿನ ಎಚ್‌ಡಿಎಂಐ ಪೋರ್ಟ್ ಕೂಡ 1.4 ಇರಬೇಕು. ಕಂಪನಿಗಳು ಕೊಡುವ ಲ್ಯಾಪ್‌ಟಾಪಿನಲ್ಲಿ ಇದು ಮಾಮೂಲು. ಹಾಗಾಗಿ ನೀವು ಹತ್ತು ಸಾವಿರದ ಎಚ್‌ಡಿಎಂಐ ಕೆವಿಎಂ ತಂದಿದ್ದರೂ ಲ್ಯಾಪ್‌ಟಾಪ್ 30ರಲ್ಲೇ ಕೂತಿರುತ್ತಿತ್ತು. ಆಗ ಅಂಗಡಿಯವರಿಗೆ ಬೈಯುತ್ತಿದ್ದಿರಿ.

ಲ್ಯಾಪ್‌ಟಾಪಿನಲ್ಲಿ ಯುಎಸ್‌ಬಿ-ಸಿ ಉಂಟಾ? ಅದರ ಪಕ್ಕ ಏನು ಚಿಹ್ನೆ ಉಂಟು?

ನೀರ್ಚಾಲು ನೆಟ್

ಎರಡು ಉಂಟು. ಒಂದರಲ್ಲಿ ಚಾರ್ಜರ್. ಎರಡರ ಪಕ್ಕವೂ ಮಿಂಚಿನ ಥರ ಒಂದು ಬಾಣ.

ಕುಂಬಳೆ ಕೇಬಲ್

ಮಿಂಚು ಇದ್ದರೆ ಥಂಡರ್‌ಬೋಲ್ಟ್. ಅದರಿಂದ ಡಿಸ್‌ಪ್ಲೇಪೋರ್ಟ್ ಸಿಗ್ನಲ್ ಬರುತ್ತದೆ. ಯುಎಸ್‌ಬಿ-ಸಿ ಆಕಾರ ಇದೆ ಅಂತ ಎಲ್ಲದರಲ್ಲೂ ಚಿತ್ರ ಬರುವುದಿಲ್ಲ, ಓದುವವರು ಗಮನಿಸಿ. ಕೆಲವದರಲ್ಲಿ ಬರೀ ಡೇಟಾ, ಕೆಲವದರಲ್ಲಿ ಚಾರ್ಜ್ ಮಾತ್ರ. ನಿಮಗೆ ಅದೃಷ್ಟ ಉಂಟು. ಒಂದು ತುದಿ ಯುಎಸ್‌ಬಿ-ಸಿ, ಇನ್ನೊಂದು ತುದಿ ಡಿಸ್‌ಪ್ಲೇಪೋರ್ಟ್ ಇರುವ ಕೇಬಲ್ ತನ್ನಿ. 4ಕೆ 60 ಅಂತ ಸ್ಪಷ್ಟವಾಗಿ ಬರೆದಿರಲಿ. ಎರಡು ಮೀಟರ್‌ಗಿಂತ ಉದ್ದ ಬೇಡ.

ಅಡಿಕೆ ಮತ್ತು ಕೋಡು

ಈಗ ನಾನು ಬಾಯಿ ಹಾಕುತ್ತೇನೆ. ನಿಮಗೆ ಕೆವಿಎಂ ಯಾಕೆ?

ಸುಮ್ನೆ ಕೇಳುತ್ತಿಲ್ಲ. ಮಾನಿಟರ್ ಒಂದೇ. ಅದರಲ್ಲಿ ಮೂರು ಇನ್‌ಪುಟ್ ಇದೆ. ಕಂಪ್ಯೂಟರ್ ಎರಡೇ. ಅಂದರೆ ಚಿತ್ರ ಬದಲಾಯಿಸುವ ಸ್ವಿಚ್ ನಿಮ್ಮ ಮಾನಿಟರ್ ಒಳಗೇ ಇದೆ, ಅದಕ್ಕೆ ದುಡ್ಡು ಕೊಟ್ಟಾಗಿದೆ. ಕೆವಿಎಂನಲ್ಲಿ ಕಷ್ಟದ ಭಾಗ, ದುಬಾರಿ ಭಾಗ, ಕೈಕೊಡುವ ಭಾಗ ಎಲ್ಲ ಆ ನಡುವಿನ "ವಿ". ಕೀಬೋರ್ಡ್, ಮೌಸ್ ಬದಲಾಯಿಸುವುದು ಮಕ್ಕಳಾಟ. ಅದಕ್ಕೆ ಬರೀ ಯುಎಸ್‌ಬಿ ಸ್ವಿಚ್ ಸಾಕು. ಎರಡು ಕಂಪ್ಯೂಟರಿಗೆ ಎರಡು ವಯರ್, ಈ ಕಡೆ ನಾಲ್ಕು ಪೋರ್ಟ್, ಒಂದು ಬಟನ್. ಕೆಲವಕ್ಕೆ ಉದ್ದ ವಯರಿನ ತುದಿಯಲ್ಲಿ ಬಟನ್ ಬರುತ್ತದೆ, ಮೇಜಿನ ಅಂಚಿಗೆ ಅಂಟಿಸಬಹುದು. ಒಳ್ಳೆಯ 4ಕೆ ಕೆವಿಎಂನ ಬೆಲೆಗೆ ಹೋಲಿಸಿದರೆ ಇದು ಏನೂ ಅಲ್ಲ.

ಇನ್ನು ಮಾನಿಟರ್ ಇನ್‌ಪುಟ್ ಬದಲಾಯಿಸಲು ಪ್ರತಿ ಸಲ ಹಿಂದೆ ಕೈ ಹಾಕಿ ಆ ಚಿಕ್ಕ ಕಡ್ಡಿ ತಿರುಗಿಸಬೇಕಾ ಅಂತ ಕೇಳುತ್ತೀರಿ. ಬೇಡ. ಹೆಚ್ಚಿನ ಮಾನಿಟರ್‌ಗಳಲ್ಲಿ ಡಿಡಿಸಿ/ಸಿಐ ಅಂತ ಒಂದು ಸೌಲಭ್ಯ ಇದೆ. ಚಿತ್ರ ಹೋಗುವ ಅದೇ ಕೇಬಲ್‌ನಲ್ಲಿ ಕಂಪ್ಯೂಟರ್ ಮಾನಿಟರ್‌ಗೆ ಆಜ್ಞೆ ಕೊಡಬಹುದು. ಬ್ರೈಟ್‌ನೆಸ್ ಕಮ್ಮಿ ಮಾಡು, ಇನ್‌ಪುಟ್ ಬದಲಾಯಿಸು, ಹೀಗೆ. ಇನ್‌ಪುಟ್‌ಗೆ ಹೆಕ್ಸ್ (ಹದಿನಾರರ) ಲೆಕ್ಕದಲ್ಲಿ 60 ಅನ್ನುವ ಕೋಡ್. ಅದಕ್ಕೆ ನಮ್ಮ ಸಾದಾ ಲೆಕ್ಕದ 15 ಕಳಿಸಿದರೆ ಡಿಸ್‌ಪ್ಲೇಪೋರ್ಟ್, 17 ಕಳಿಸಿದರೆ ಮೊದಲ ಎಚ್‌ಡಿಎಂಐ. ಕೆಲವು ಕಂಪನಿಗಳು ತಮ್ಮದೇ ಸಂಖ್ಯೆ ಇಟ್ಟುಕೊಂಡಿವೆ, ಅದನ್ನು ಹುಡುಕಿ ನೋಡಬೇಕು. ಲಿನಕ್ಸ್‌ನಲ್ಲಿ ಡಿಡಿಸಿಯುಟಿಲ್ ಅಂತ ಕಮಾಂಡ್ ಇದೆ.

ಅದರ ಮೇಲೆ ಇನ್ನೊಂದು ಮಜಾ ಇದೆ. ಡಿಸ್‌ಪ್ಲೇ-ಸ್ವಿಚ್ ಅಂತ ಒಂದು ಉಚಿತ, ಓಪನ್ ಸೋರ್ಸ್ ಪ್ರೋಗ್ರಾಮ್. ಅದು ಯುಎಸ್‌ಬಿಯನ್ನು ಕಾಯುತ್ತಾ ಕೂರುತ್ತದೆ. ಕೀಬೋರ್ಡ್ ಬಂತು ಅಂತ ಗೊತ್ತಾದ ಕೂಡಲೇ ಮಾನಿಟರ್‌ಗೆ "ನನ್ನ ಕಡೆ ತಿರುಗು" ಅನ್ನುತ್ತದೆ. ಹೋಯಿತು ಅಂತಾದರೆ "ಆ ಕಡೆ ತಿರುಗು" ಅನ್ನುತ್ತದೆ. ಅಂದರೆ ನೀವು ಒತ್ತುವುದು ಯುಎಸ್‌ಬಿ ಸ್ವಿಚ್‌ನ ಒಂದೇ ಬಟನ್. ನಾನು ಒಂದು ವರ್ಷದಿಂದ ಹೀಗೇ ಮಾಡುತ್ತಿದ್ದೇನೆ. ಬೆಳಿಗ್ಗೆ ತೋಟ, ಹತ್ತು ಗಂಟೆಗೆ ಕೆಲಸದ ಕಂಪ್ಯೂಟರ್, ಸಂಜೆ ನನ್ನದು.

ಪೆರ್ಲದ ಪಿಕ್ಸೆಲ್

ಕೋಡಣ್ಣ ಹೇಳಿದ್ದು ಒಂದು ಮಾನಿಟರ್ ಇರುವವರಿಗೆ ಸರಿ. ಆದರೆ "ಕೆವಿಎಂ ಯಾಕೆ" ಅಂತ ಎಲ್ಲರಿಗೂ ಹೇಳಬೇಡಿ ಮಾರಾಯ್ರೇ. ನನ್ನದು ಎರಡು ಮಾನಿಟರ್, ಎರಡು ಕಂಪ್ಯೂಟರ್. ಎರಡು ಮಾನಿಟರ್‌ಗೂ ಆಜ್ಞೆ ಹೋಗಿ, ಒಂದು ತಿರುಗಿ, ಇನ್ನೊಂದು ಯೋಚನೆ ಮಾಡುತ್ತಾ ಕೂತರೆ ಆಗುವ ಸಿಟ್ಟು ನಿಮಗೆ ಗೊತ್ತಿಲ್ಲ. ನಾನು ಕೊನೆಗೆ ಎರಡು ಮಾನಿಟರ್‌ನ ಡಿಸ್‌ಪ್ಲೇಪೋರ್ಟ್ ಕೆವಿಎಂ ತೆಗೆದುಕೊಂಡೆ, ಏಟೆನ್‌ನದ್ದು. ದುಡ್ಡು ಹೋಯಿತು, ಆದರೆ ತಲೆನೋವೂ ಹೋಯಿತು.

ವಿಂಡೋ ಮೂಲೆಗೆ ಹೋಗಿ ಬೀಳುವುದರ ಬಗ್ಗೆ ಯಾರೂ ಹೇಳಿಲ್ಲ, ಅದನ್ನು ನಾನು ಹೇಳುತ್ತೇನೆ. ಪ್ರತಿ ಮಾನಿಟರ್‌ಗೂ ಒಂದು ಜಾತಕ ಇದೆ, ಇಡಿಐಡಿ ಅಂತ ಹೆಸರು. ನಾನು ಇಂಥ ಕಂಪನಿಯದ್ದು, ನನ್ನ ಅಳತೆ ಇಷ್ಟು, ಇಂತಿಂಥ ರೆಸಲ್ಯೂಶನ್, ಇಷ್ಟು ಹರ್ಟ್ಜ್ ಅಂತ ಬರೆದದ್ದು. ಮೂಲ ಜಾತಕ 128 ಬೈಟ್. ಕೇಬಲ್ ಹಾಕಿದ ಕೂಡಲೇ ಕಂಪ್ಯೂಟರ್ ಮೊದಲು ಕೇಳುವುದೇ ಅದನ್ನು. ಅಗ್ಗದ ಕೆವಿಎಂ ಏನು ಮಾಡುತ್ತದೆ? ಬಟನ್ ಒತ್ತಿದಾಗ ಆ ಕಡೆಯ ಸಂಬಂಧವನ್ನೇ ಕಡಿದು ಹಾಕುತ್ತದೆ. ಲ್ಯಾಪ್‌ಟಾಪ್‌ಗೆ "ಮಾನಿಟರ್ ಕಿತ್ತು ಹಾಕಿದರು" ಅಂತ ಕಾಣುತ್ತದೆ. ಕೂಡಲೇ ಎಲ್ಲ ವಿಂಡೋಗಳನ್ನೂ ತನ್ನ ಚಿಕ್ಕ ಪರದೆಗೆ ಎಳೆದುಕೊಳ್ಳುತ್ತದೆ. ವಾಪಸ್ ಬಂದಾಗ ಹೊಸ ಮಾನಿಟರ್ ಬಂತು ಅಂದುಕೊಂಡು ಮತ್ತೆ ಜೋಡಿಸಲು ಹೋಗಿ ಎಡವುತ್ತದೆ.

ಒಳ್ಳೆಯ ಕೆವಿಎಂ ಆ ಜಾತಕದ ನಕಲು ಮಾಡಿ ಇಟ್ಟುಕೊಳ್ಳುತ್ತದೆ. ನೀವು ಆ ಕಡೆ ಇದ್ದಾಗ ಈ ಕಡೆಯ ಕಂಪ್ಯೂಟರಿಗೆ ನಕಲು ತೋರಿಸುತ್ತಾ ಇರುತ್ತದೆ. ಅದಕ್ಕೆ ಮಾನಿಟರ್ ಹೋದದ್ದೇ ಗೊತ್ತಾಗುವುದಿಲ್ಲ. ಇದಕ್ಕೆ ಇಡಿಐಡಿ ಎಮ್ಯುಲೇಶನ್ ಅನ್ನುತ್ತಾರೆ. ಕೆವಿಎಂ ಕೊಳ್ಳುವವರು ನೋಡಬೇಕಾದ ಮೊದಲ ಸಾಲು ಇದು, "4ಕೆ" ಅಲ್ಲ. ಈ ಮಾತು ಇಲ್ಲದ ಡಬ್ಬ ಎಷ್ಟೇ ಚಂದ ಇದ್ದರೂ ಬೇಡ.

ನೀರ್ಚಾಲು ನೆಟ್

ಜಾತಕದ ವಿವರಣೆಗೆ ಕೈ ಮುಗಿದೆ. ಹಾಗಾದರೆ ಕೋಡಣ್ಣನ ದಾರಿಯಲ್ಲಿ, ಮಾನಿಟರ್‌ನ ಇನ್‌ಪುಟ್ ಬದಲಾಯಿಸಿದರೆ, ಅದೇ ತೊಂದರೆ ಬರುವುದಿಲ್ವಾ?

ಅಡಿಕೆ ಮತ್ತು ಕೋಡು

ಅದು ಮಾನಿಟರ್ ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ಕೆಲವು ಮಾನಿಟರ್‌ಗಳು ಬೇರೆ ಇನ್‌ಪುಟ್ ತೋರಿಸುತ್ತಿದ್ದರೂ ಈ ಕಡೆಯ ಕೇಬಲ್‌ಗೆ "ಇದ್ದೇನೆ" ಅನ್ನುತ್ತಲೇ ಇರುತ್ತವೆ. ಆಗ ಏನೂ ತೊಂದರೆ ಇಲ್ಲ. ಕೆಲವು, ಅದರಲ್ಲೂ ಡಿಸ್‌ಪ್ಲೇಪೋರ್ಟ್‌ನಲ್ಲಿ, ಕೈ ಬಿಡುತ್ತವೆ. ಮಾನಿಟರ್ ಮೆನುವಿನಲ್ಲಿ ಡೀಪ್ ಸ್ಲೀಪ್, ಆಟೊ ಸೋರ್ಸ್ ಅಂತ ಏನಾದರೂ ಇದ್ದರೆ ಎರಡನ್ನೂ ಆಫ್ ಮಾಡಿ ನೋಡಿ. ವಿಂಡೋಸ್ 11ರಲ್ಲಿ, ಡಿಸ್‌ಪ್ಲೇ ಸೆಟ್ಟಿಂಗ್ ಒಳಗೆ, ಮಾನಿಟರ್ ಪ್ರಕಾರ ವಿಂಡೋಗಳ ಜಾಗ ನೆನಪಿಟ್ಟುಕೊಳ್ಳುವ ಒಂದು ಟಿಕ್ ಇದೆ. ಅದನ್ನೂ ಹಾಕಿ.

ಉಪ್ಪಳ ಎಕ್ಸ್‌ಪ್ರೆಸ್

ಮೊದಲಿನ ಪ್ರಶ್ನೆಗೆ ಪ್ರಾಯಶ್ಚಿತ್ತ ಮಾಡುತ್ತೇನೆ. ಯಾವ ಡಬ್ಬವೂ ಇಲ್ಲದೆ ಸಾಫ್ಟ್‌ವೇರ್‌ನಲ್ಲೇ ಆಗುತ್ತದಲ್ಲ? ಬ್ಯಾರಿಯರ್, ಇನ್‌ಪುಟ್ ಲೀಪ್, ಡೆಸ್ಕ್‌ಫ್ಲೋ. ಎರಡು ವಿಂಡೋಸ್ ಇದ್ದವರಿಗೆ ಮೈಕ್ರೋಸಾಫ್ಟ್‌ನದ್ದೇ ಮೌಸ್ ವಿದೌಟ್ ಬಾರ್ಡರ್ಸ್ ಇದೆ, ಈಗ ಪವರ್‌ಟಾಯ್ಸ್ ಒಳಗೆ ಬರುತ್ತದೆ, ನಾಲ್ಕು ಕಂಪ್ಯೂಟರ್ ತನಕ. ಒಂದು ಪರದೆಯ ಅಂಚಿಗೆ ಮೌಸ್ ಒಯ್ದರೆ ಇನ್ನೊಂದು ಪರದೆಗೆ ದಾಟುತ್ತದೆ. ನಾವು ತಲಪಾಡಿ ದಾಟಿದ ಹಾಗೆ, ಚೆಕ್‌ಪೋಸ್ಟ್ ಕೂಡ ಇಲ್ಲದೆ.

ಪೆರ್ಲದ ಪಿಕ್ಸೆಲ್

ಮೌಸ್ ದಾಟಬೇಕಾದರೆ ಎರಡು ಪರದೆ ಕಾಣುತ್ತಿರಬೇಕು. ಅವರದ್ದು ಒಂದೇ ಪರದೆ. ಮತ್ತೆ ಕಂಪನಿ ಲ್ಯಾಪ್‌ಟಾಪ್. ನೀವು ಒತ್ತುವ ಒಂದೊಂದು ಕೀಯನ್ನೂ ನೆಟ್‌ವರ್ಕ್ ಮೇಲೆ ಕಳಿಸುವ ಪ್ರೋಗ್ರಾಮ್ ಹಾಕುತ್ತೇನೆ ಅಂದರೆ ಅವರ ಐಟಿಯವರು ಎಂತ ಹೇಳುತ್ತಾರೆ ಅಂತ ನೀವೇ ಯೋಚಿಸಿ.

ಮಂಜೇಶ್ವರ ಟೀಚರ್

ಸಾಫ್ಟ್‌ವೇರ್ ದಾರಿಯಲ್ಲಿ ಕನ್ನಡ ಟೈಪ್ ಮಾಡಿದವರು ಯಾರಾದರೂ ಇದ್ದೀರಾ? ನನ್ನ ಮಗ ಬ್ಯಾರಿಯರ್ ಹಾಕಿಕೊಟ್ಟಿದ್ದ. ಇಂಗ್ಲಿಷ್ ಸರಿ ಬರುತ್ತಿತ್ತು. ಕನ್ನಡಕ್ಕೆ ಬದಲಾಯಿಸಿದರೆ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ. ಮಲಯಾಳಕ್ಕೂ ಅದೇ ಗತಿ. ಶಾಲೆಯ ಕೆಲಸಕ್ಕೆ ನನಗೆ ಮೂರೂ ಭಾಷೆ ಬೇಕು.

ಅಡಿಕೆ ಮತ್ತು ಕೋಡು

ಟೀಚರ್ ಒಳ್ಳೆಯ ವಿಷಯ ಎತ್ತಿದಿರಿ. ಸಾಫ್ಟ್‌ವೇರ್ ಕೆವಿಎಂ ನಡುವೆ ಕೂತು ಇದು ಯಾವ ಅಕ್ಷರ ಅಂತ ಅರ್ಥ ಮಾಡಿಕೊಳ್ಳಲು ಹೋಗುತ್ತದೆ. ಎರಡು ಕಡೆಯ ಲೇಔಟ್ ಬೇರೆ ಇದ್ದರೆ ಗಲಿಬಿಲಿ. ನಿಜವಾದ ಕೆವಿಎಂ ಅಥವಾ ಯುಎಸ್‌ಬಿ ಸ್ವಿಚ್ ಆ ಉಸಾಬರಿಗೆ ಹೋಗುವುದಿಲ್ಲ. "ಈ ಜಾಗದ ಕೀ ಒತ್ತಿದರು" ಅಂತ ಮಾತ್ರ ದಾಟಿಸುತ್ತದೆ. ಅದನ್ನು "ಕ" ಮಾಡಬೇಕೋ, "ക" ಮಾಡಬೇಕೋ ಅನ್ನುವುದು ಆಯಾ ಕಂಪ್ಯೂಟರಿನ ತಲೆನೋವು. ನಾನು ಎರಡರಲ್ಲೂ ಕೆ.ಪಿ. ರಾವ್ ವಿನ್ಯಾಸ ಹಾಕಿದ್ದೇನೆ, ಒಂದು ದಿನವೂ ತೊಂದರೆ ಆಗಿಲ್ಲ.

ಕುಂಬಳೆ ಕೇಬಲ್

ಕೀಬೋರ್ಡ್ ವಿಷಯ ಬಂದದ್ದಕ್ಕೆ ಎರಡು ಮಾತು. ಕೆವಿಎಂಗಳಲ್ಲಿ ಕೀಬೋರ್ಡ್, ಮೌಸ್‌ಗೆ ಅಂತ ಪ್ರತ್ಯೇಕ ಎರಡು ಪೋರ್ಟ್ ಇರುತ್ತದೆ. ಅವು ಸಾದಾ ಪೋರ್ಟ್ ಅಲ್ಲ. ಸ್ಕ್ರೋಲ್ ಲಾಕ್ ಎರಡು ಸಲ ಒತ್ತಿದರೆ ಬದಲಾಯಿಸುವುದು, ಅದೂ ಇದೂ ಮಾಡಲು ಕೆವಿಎಂ ಅಲ್ಲಿ ಕಿವಿ ಕೊಟ್ಟು ಕೂತಿರುತ್ತದೆ. ಜಾಸ್ತಿ ಬಟನ್ ಇರುವ ಗೇಮಿಂಗ್ ಮೌಸ್, ಬಣ್ಣದ ಲೈಟಿನ ಕೀಬೋರ್ಡ್, ಕೆಲವು ವಯರ್‌ಲೆಸ್ ಡಾಂಗಲ್ (ವಯರ್ ಇಲ್ಲದ ಮೌಸ್, ಕೀಬೋರ್ಡಿನ ಚಿಕ್ಕ ಯುಎಸ್‌ಬಿ ತುಂಡು) ಅಲ್ಲಿ ಮೊಂಡು ಹಿಡಿಯುತ್ತವೆ. ಪಕ್ಕದ ಹಬ್ ಪೋರ್ಟಿಗೆ ಹಾಕಿದರೆ ಸರಿಯಾಗುತ್ತವೆ, ಹಾಟ್‌ಕೀ ಮಾತ್ರ ಹೋಗುತ್ತದೆ. ಕೆಲವು ಡಬ್ಬಗಳಲ್ಲಿ ಹಾಟ್‌ಕೀ ಅಂದರೆ ಕಂಟ್ರೋಲ್ ಎರಡು ಸಲ. ಕಂಟ್ರೋಲ್ ಜಾಸ್ತಿ ಬಳಸುವವರಿಗೆ ಅದು ಶಿಕ್ಷೆ.

ಇನ್ನೊಂದು, ಡಾಂಗಲ್ ಅನ್ನು ಯುಎಸ್‌ಬಿ 3 ಪೋರ್ಟಿನ ಪಕ್ಕ ಹಾಕಬೇಡಿ. ಯುಎಸ್‌ಬಿ 3 ಓಡುವಾಗ 2.4 ಗಿಗಾಹರ್ಟ್ಜ್ ಸುತ್ತ ಗದ್ದಲ ಮಾಡುತ್ತದೆ, ಇದನ್ನು ಇಂಟೆಲ್‌ನವರೇ 2012ರಲ್ಲಿ ಬರೆದು ಪ್ರಕಟಿಸಿದ್ದಾರೆ. ಹಾರ್ಡ್ ಡಿಸ್ಕ್‌ನಿಂದ ದೊಡ್ಡ ಫೈಲ್ ಕಾಪಿ ಆಗುವಾಗ ಮೌಸ್ ಜಿಗಿಯುವುದು ಇದಕ್ಕೇ. ಒಂದು ಗೇಣು ಉದ್ದದ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಡಾಂಗಲ್ ದೂರ ಇಟ್ಟರೆ ಮುಗಿಯಿತು.

ಬಯಲುಮನೆ

ಎಲ್ಲ ಓದಿದೆ. ಯಾರೂ ಸಿಡಿಲಿನ ಮಾತು ಎತ್ತಿಲ್ಲ. ನೀವೆಲ್ಲ ಯಾವ ಊರಲ್ಲಿದ್ದೀರಿ ಮಾರಾಯ್ರೇ?

ಹೋದ ತುಲಾ ತಿಂಗಳಲ್ಲಿ (ಅಕ್ಟೋಬರ್-ನವೆಂಬರ್), ಸಂಜೆ ನಾಲ್ಕೂವರೆ. ಮಳೆ ಇನ್ನೂ ಶುರುವಾಗಿರಲಿಲ್ಲ, ಆಕಾಶ ಮಾತ್ರ ಕಪ್ಪಾಗಿತ್ತು. ತೋಟದ ಆಚೆ ಬದಿಯಲ್ಲಿ ಒಂದು ಹೊಡೆಯಿತು. ಲೈಟ್ ಹೋಗಲಿಲ್ಲ, ಫ್ಯಾನ್ ನಿಲ್ಲಲಿಲ್ಲ. ಮಾನಿಟರ್ ಮಾತ್ರ ಒಮ್ಮೆ ಬಿಳಿಯಾಗಿ ಕಪ್ಪಾಯಿತು. ಕೆವಿಎಂನ ಹಸಿರು ದೀಪ ಉರಿಯುತ್ತಲೇ ಇತ್ತು, ಚಿತ್ರ ಇಲ್ಲ. ರಿಪೇರಿಯವರು ನೋಡಿ ಹೇಳಿದ್ದು: ಕೆವಿಎಂನ ಒಂದು ಎಚ್‌ಡಿಎಂಐ, ಡೆಸ್ಕ್‌ಟಾಪಿನ ಗ್ರಾಫಿಕ್ಸ್ ಕಾರ್ಡಿನ ಎಚ್‌ಡಿಎಂಐ ಎರಡೂ ಹೋಗಿದೆ.

ಯಾಕೆ ಅಂದರೆ, ನನ್ನ ಡೆಸ್ಕ್‌ಟಾಪ್ ಯುಪಿಎಸ್‌ನಲ್ಲಿ ಇತ್ತು. ಇನ್ನೊಂದು ಕಂಪ್ಯೂಟರ್ ಬೇರೆ ಗೋಡೆಯ ಪ್ಲಗ್‌ನಲ್ಲಿ, ಆ ಕಡೆ ಅರ್ತಿಂಗ್ ಸರಿ ಇಲ್ಲ. ಎರಡನ್ನೂ ಕೆವಿಎಂ ಒಂದಕ್ಕೊಂದು ಕಟ್ಟಿ ಹಾಕಿತ್ತು. ಎಚ್‌ಡಿಎಂಐ ಕೇಬಲಿನ ಹೊರಕವಚ ಅಂದರೆ ಎರಡು ಯಂತ್ರಗಳ ಗ್ರೌಂಡ್ ಸೇರಿಸುವ ತಂತಿಯೇ. ಎರಡು ಕಡೆಯ ಅರ್ತ್ ಬೇರೆ ಬೇರೆ ಮಟ್ಟದಲ್ಲಿ ಇದ್ದರೆ, ಸಿಡಿಲಿನ ಹೊತ್ತಿಗೆ ಆ ವ್ಯತ್ಯಾಸ ಹರಿಯುವುದು ಅದೇ ಸಣ್ಣ ದಾರಿಯಲ್ಲಿ. ನಮ್ಮ ಮುರಕಲ್ಲಿನ ಜಾಗದಲ್ಲಿ ಬೇಸಗೆಯಲ್ಲಿ ಅರ್ತ್ ಗುಂಡಿ ಒಣಗಿ ಹೋಗುತ್ತದೆ. ಯಾರು ನೀರು ಹೊಯ್ಯುತ್ತಾರೆ?

ಹಾಗಾಗಿ ಕೆವಿಎಂ ಇರಲಿ, ಯುಎಸ್‌ಬಿ ಸ್ವಿಚ್ ಇರಲಿ, ಎರಡು ಕಂಪ್ಯೂಟರ್, ಮಾನಿಟರ್, ಡಬ್ಬ ಎಲ್ಲವೂ ಒಂದೇ ಗೋಡೆಯ ಪ್ಲಗ್‌ನಿಂದ, ಒಂದೇ ಸ್ಟ್ರಿಪ್‌ನಿಂದ ಬರಲಿ. ಗುಡುಗು ಕೇಳಿದ ಕೂಡಲೇ ಆ ಒಂದು ಪ್ಲಗ್ ಕಿತ್ತರೆ ಸಾಕು. ಇಂಟರ್‌ನೆಟ್‌ಗೆ ತಾಮ್ರದ ಲ್ಯಾನ್ ಕೇಬಲ್ ಇದ್ದರೆ ಅದನ್ನೂ ಕೀಳಿ. ಫೈಬರ್ ಆದರೆ ಅದರಲ್ಲಿ ಕರೆಂಟ್ ಬರುವುದಿಲ್ಲ, ಆದರೆ ರೂಟರ್‌ನಿಂದ ಕಂಪ್ಯೂಟರಿಗೆ ಬರುವುದು ತಾಮ್ರವೇ.

ನೀರ್ಚಾಲು ನೆಟ್

ಬಯಲುಮನೆಯವರೇ, ಓದುತ್ತಾ ಎದ್ದು ಹೋಗಿ ನೋಡಿದೆ. ನನ್ನದೂ ಎರಡು ಬೇರೆ ಪ್ಲಗ್‌ನಲ್ಲಿ ಇದೆ. ಲ್ಯಾಪ್‌ಟಾಪ್ ಮೈ ಮುಟ್ಟಿದಾಗ ಸಣ್ಣಗೆ ಜುಂ ಅನ್ನುತ್ತಿದ್ದದ್ದು ನೆನಪಾಯಿತು. ಇವತ್ತೇ ಬದಲಾಯಿಸುತ್ತೇನೆ.

ಸೀತಾಂಗೋಳಿ ಸರ್ಕ್ಯೂಟ್

ತಡವಾಗಿ ಬಂದೆ. ಇನ್ನೂ ಮಾನಿಟರ್ ಕೊಳ್ಳದವರು ಇದನ್ನು ಓದುತ್ತಿದ್ದರೆ, ಕೆವಿಎಂ ಒಳಗೇ ಇರುವ ಮಾನಿಟರ್ ನೋಡಿ. ಡೆಲ್‌ನ ಯು2723ಕ್ಯೂಇ ಆ ಥರದ್ದು. ಲ್ಯಾಪ್‌ಟಾಪಿಗೆ ಒಂದೇ ಯುಎಸ್‌ಬಿ-ಸಿ ಕೇಬಲ್, ಅದರಲ್ಲೇ ಚಿತ್ರ, ಡೇಟಾ, 90 ವ್ಯಾಟ್ ಚಾರ್ಜ್. ಡೆಸ್ಕ್‌ಟಾಪಿಗೆ ಒಂದು ವಿಡಿಯೊ ಕೇಬಲ್, ಒಂದು ಯುಎಸ್‌ಬಿ. ಕೀಬೋರ್ಡ್, ಮೌಸ್ ಮಾನಿಟರ್‌ಗೇ ಹಾಕುವುದು. ಗಿಗಾಬೈಟ್‌ನ ಎಂ27ಕ್ಯೂನಲ್ಲೂ ಕೆವಿಎಂ ಬಟನ್ ಇದೆ, ಅದು 4ಕೆ ಅಲ್ಲ. ಈಗಾಗಲೇ ಮಾನಿಟರ್ ಇರುವವರಿಗೆ ಇದು ಲಾಭವಿಲ್ಲದ ಮಾತು, ಗೊತ್ತು.

ಮ್ಯಾಕ್ ಇರುವವರಿಗೆ ಒಂದು ಎಚ್ಚರಿಕೆ. ಒಂದೇ ಡಿಸ್‌ಪ್ಲೇಪೋರ್ಟ್ ಕೇಬಲ್‌ನಲ್ಲಿ ಎರಡು ಮಾನಿಟರ್ ಓಡಿಸುವ ಎಂಎಸ್‌ಟಿ ವಿಂಡೋಸ್‌ನಲ್ಲಿ ನಡೆಯುತ್ತದೆ. ಮ್ಯಾಕ್‌ನಲ್ಲಿ ಎರಡರಲ್ಲೂ ಒಂದೇ ಚಿತ್ರ ಬರುತ್ತದೆ. ಆ ಥರದ ಡಾಕ್ (ಒಂದೇ ಕೇಬಲ್‌ನಿಂದ ಹಲವು ಪೋರ್ಟ್ ಕೊಡುವ ಡಬ್ಬ) ತಂದು ತಲೆ ಚಚ್ಚಿಕೊಳ್ಳಬೇಡಿ.

ನೀರ್ಚಾಲು ನೆಟ್ · ಎರಡು ವಾರದ ಮೇಲೆ

ಹೇಳದೆ ಇರುವುದು ಸರಿಯಲ್ಲ ಅಂತ ಬರೆಯುತ್ತಿದ್ದೇನೆ.

ಕೆವಿಎಂ ತೆಗೆದುಕೊಳ್ಳಲಿಲ್ಲ. ಕೋಡಣ್ಣ ಹೇಳಿದ ಹಾಗೆ ಯುಎಸ್‌ಬಿ ಸ್ವಿಚ್ ತಂದೆ, ಮಂಗಳೂರಿಗೆ ಹೋದಾಗ ಹಂಪನಕಟ್ಟೆಯ ಅಂಗಡಿಯಿಂದ. ಅಂಗಡಿಯವರು "ಎರಡು ಕಂಪ್ಯೂಟರಿಗಾ? ಕೆವಿಎಂ ಕೊಡುತ್ತೇನೆ" ಅಂದರು. ಬೇಡ ಅಂದದ್ದಕ್ಕೆ ಒಂದು ಥರ ನೋಡಿದರು.

ಲ್ಯಾಪ್‌ಟಾಪಿನ ಯುಎಸ್‌ಬಿ-ಸಿಯಿಂದ ಮಾನಿಟರ್‌ನ ಡಿಸ್‌ಪ್ಲೇಪೋರ್ಟ್‌ಗೆ ಕೇಬಲ್. ಮೊದಲ ಸಲ 60 ಹರ್ಟ್ಜ್ ಬಂತು. ಮೌಸ್ ಓಡುವುದು ನೋಡಿ ಐದು ನಿಮಿಷ ಸುಮ್ನೆ ಆಚೆ ಈಚೆ ಆಡಿಸಿದೆ. ಡೆಸ್ಕ್‌ಟಾಪ್ ಎಚ್‌ಡಿಎಂಐನಲ್ಲಿ, ಅದೂ 60.

ಡಿಸ್‌ಪ್ಲೇ-ಸ್ವಿಚ್ ಪ್ರೋಗ್ರಾಮ್ ಡೆಸ್ಕ್‌ಟಾಪಿನಲ್ಲಿ ಮಾತ್ರ ಹಾಕಿದ್ದೇನೆ. ಕಂಪನಿ ಲ್ಯಾಪ್‌ಟಾಪ್ ಮುಟ್ಟಲಿಲ್ಲ. ಮೊದಲು ಆ ಪ್ರೋಗ್ರಾಮ್‌ಗೆ ಮಾನಿಟರ್ ಸಿಗಲೇ ಇಲ್ಲ. ಮಾನಿಟರ್ ಜೊತೆ ಮಾತಾಡಲು ಲಿನಕ್ಸಿಗೆ ಬೇಕಾದ ಐ2ಸಿ ಮಾಡ್ಯೂಲ್ ಲೋಡ್ ಮಾಡಿ, ನನ್ನ ಯೂಸರ್‌ಗೆ ಅನುಮತಿ ಕೊಟ್ಟ ಮೇಲೆ ಸಿಕ್ಕಿತು. ನನ್ನ ಮಾನಿಟರ್ ಬೇರೆ ಇನ್‌ಪುಟ್ ತೋರಿಸುತ್ತಿದ್ದರೂ ಡೆಸ್ಕ್‌ಟಾಪಿನ ಮಾತು ಕೇಳುತ್ತದೆ, ಹಾಗಾಗಿ ಎರಡು ಕಡೆಗೂ ತಾನಾಗಿ ತಿರುಗುತ್ತದೆ. ಎಲ್ಲ ಮಾನಿಟರ್ ಹೀಗೆ ಕೇಳುವುದಿಲ್ಲವಂತೆ. ಸ್ವಿಚ್ ಕೊಳ್ಳುವ ಮೊದಲು ಡಿಡಿಸಿಯುಟಿಲ್‌ನಲ್ಲಿ ಕೈಯಾರೆ ಪರೀಕ್ಷೆ ಮಾಡಿ.

ವೆಬ್‌ಕ್ಯಾಮ್, ಹೆಡ್‌ಸೆಟ್ ಸ್ವಿಚ್‌ಗೆ ಹಾಕಲೇ ಇಲ್ಲ. ನೇರ ಲ್ಯಾಪ್‌ಟಾಪಿಗೆ. ಮೀಟಿಂಗ್‌ನಲ್ಲಿ ಕೂತೇ ಬಟನ್ ಒತ್ತಿ ಡೆಸ್ಕ್‌ಟಾಪ್ ನೋಡಿ ಬಂದೆ, ಯಾರಿಗೂ ಗೊತ್ತಾಗಲಿಲ್ಲ. ಪರದೆಯ ಬೆಳಕು ಬದಲಾದಾಗ ಮುಖದ ಬಣ್ಣ ಬದಲಾಗುತ್ತದೆ, ಅಷ್ಟೇ.

ಪೂರ್ತಿ ಸರಿಯಾಗಿದೆ ಅಂತ ಹೇಳುವುದಿಲ್ಲ. ಬಟನ್ ಒತ್ತಿ ಚಿತ್ರ ಬರಲು ಮೂರು ನಾಲ್ಕು ಸೆಕೆಂಡ್ ಬೇಕು. ಲ್ಯಾಪ್‌ಟಾಪ್ ನಿದ್ದೆ ಹೋಗಿದ್ದರೆ ಒಮ್ಮೊಮ್ಮೆ ಕೀಬೋರ್ಡ್‌ನಿಂದ ಏಳುವುದಿಲ್ಲ, ಮುಚ್ಚಳ ತೆಗೆಯಬೇಕು. ಪೆರ್ಲದವರ ಏಟೆನ್‌ನಲ್ಲಿ ಇದು ಇರಲಿಕ್ಕಿಲ್ಲ.

ಪೆರ್ಲದ ಪಿಕ್ಸೆಲ್

ನನ್ನದರಲ್ಲೂ ಎರಡು ಸೆಕೆಂಡ್ ಉಂಟು. ಯಾರಿಗೂ ಹೇಳಬೇಡಿ.

ನೀರ್ಚಾಲು ನೆಟ್

ಹಳೆಯ ಡಬ್ಬ ಮನೆಯಲ್ಲಿ ಸುಮ್ನೆ ಬಿದ್ದಿದೆ. ಫುಲ್ ಎಚ್‌ಡಿ ಮಾನಿಟರ್ ಇರುವವರಿಗೆ 60 ಹರ್ಟ್ಜ್ ಆರಾಮವಾಗಿ ಬರುತ್ತದೆ, ಪರೀಕ್ಷೆ ಮಾಡಿ ನೋಡಿದ್ದೇನೆ. ವಿಂಡೋ ಮೂಲೆಗೆ ಬೀಳುವ ಚಾಳಿ ಮಾತ್ರ ಇದೆ. ಯಾರಿಗಾದರೂ ಬೇಕಾ? ದುಡ್ಡು ಬೇಡ.

ಮಂಜೇಶ್ವರ ಟೀಚರ್

ನನಗೆ ಬೇಕು. ಮನೆಯಲ್ಲಿ ಹಳೆಯ 22 ಇಂಚಿನದ್ದು ಇದೆ, ಮಗನ ಕಂಪ್ಯೂಟರೂ ನನ್ನ ಲ್ಯಾಪ್‌ಟಾಪೂ ಅದಕ್ಕೇ ಜಗಳ. ನಾನು ಒಂದೇ ವಿಂಡೋ ತೆರೆಯುವವಳು, ಅದು ಯಾವ ಮೂಲೆಗೆ ಬಿದ್ದರೂ ಸಿಗುತ್ತದೆ. ಗುರುವಾರ ಬದಿಯಡ್ಕಕ್ಕೆ ಬರುವುದಿದೆ, ಬಸ್ ಸ್ಟ್ಯಾಂಡ್ ಹತ್ತಿರ ಸಿಗುತ್ತೀರಾ?

ನೀರ್ಚಾಲು ನೆಟ್

ಸಿಗುತ್ತೇನೆ ಟೀಚರೇ. ಅಡಾಪ್ಟರ್, ಎರಡು ಕೇಬಲ್ ಎಲ್ಲ ಕಟ್ಟಿ ಇಟ್ಟಿದ್ದೇನೆ. ಒಂದೇ ಪ್ಲಗ್‌ಗೆ ಹಾಕಿ, ಬಯಲುಮನೆಯವರು ಬೈಯುತ್ತಾರೆ.